ನೀಲಿ ಬಾತುಕೋಳಿ

ಅಕ್ಕ ಬಾತುಕೋಳಿಯೊಂದನ್ನು ಕಂಕುಳಲ್ಲಿ ಇರುಕಿಕೊಂಡು ನೇರ ತಮ್ಮನ ಶೆಡ್ಡಿನೊಳಗೇ ಬಂದಾಗ ಕೆಲಸದವರೆಲ್ಲ ಬಟ್ಟೆ ಹಿಂಡುವುದು ಬಿಟ್ಟು ನಗತೊಡಗಿದರು. ಬಿಳಿ ಬಾತಿನ ಹೊಟ್ಟೆಯೆಲ್ಲ ನೀಲಿಯಾಗಿತ್ತು.

“ಏನಕ್ಕಾ, ಇದಕ್ಕೂ ಪ್ಯಾಂಟ್ ಹೊಲಿಸ್ತೀಯಾ?” ಎಂದ ತಮ್ಮ. ಜೀನ್ಸ್ ಬಟ್ಟೆಗೆ ಬಣ್ಣ ಹಾಕುವುದು ಅವನ ಕಸುಬು. ಬಟ್ಟೆ ಜಾಲಿಸಿದ ನೀರು ಪೈಪಿನಲ್ಲಿ ಹಿಂದಿನ ನದಿಗೆ ಹೋಗುತ್ತಿತ್ತು. ಅದೇ ನದಿಯ ಕೆಳಗಿನ ತಿರುವಿನಲ್ಲಿ ಅಕ್ಕನ ಮನೆ. ಗಂಡ ತೀರಿಕೊಂಡ ಮೇಲೆ ಅವಳು ಬಾತುಕೋಳಿ ಸಾಕಿ ಮೊಟ್ಟೆ ಮಾರಿಕೊಂಡಿದ್ದಳು.

“ನಗು, ನಗು. ನಿನ್ನ ಬಣ್ಣ ತಾನೇ ಇದು?”

“ನಾನೊಬ್ಬನೇನಾ? ಊರಿನ ಚರಂಡಿಯೆಲ್ಲ ಅಲ್ಲಿಗೇ ಸೇರುತ್ತೆ. ಹರಿಯೋ ನೀರು ಅಕ್ಕಾ, ಎಲ್ಲಾ ಕೊಚ್ಕೊಂಡು ಹೋಗುತ್ತೆ.”

“ಹೋಗುತ್ತೆ ಕಣೋ, ನನ್ನ ಮನೆ ಮುಂದೇನೇ ಹೋಗುತ್ತೆ.”

ಅವಳು ಜಗಳಕ್ಕೆ ಬಂದಿರಲಿಲ್ಲ. ಖಾಲಿ ಡ್ರಮ್ಮೊಂದರ ಮೇಲೆ ಕೂತು ಮೆಲ್ಲಗೆ ಹೇಳಿದಳು: “ಎರಡು ಬಾತು ಸತ್ತವು, ಹೋಗ್ಲಿ ಬಿಡು. ನನ್ನ ಬಾವಿಗೆ ಊರೋದೂ ಆ ನದಿ ನೀರೇ. ಕುಡೀಬಹುದಾ? ಬಣ್ಣದ ವಿಷಯ ನಿನಗೆ ಗೊತ್ತು. ನೀನು ಹೂಂ ಅಂದ್ರೆ ಕುಡೀತೀನಿ.”

ಅಮ್ಮ ಕೆಲಸಕ್ಕೆ ಹೋದಾಗಲೆಲ್ಲ ಅವನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ಅವಳು. ‘ಹೂಂ’ ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಕ್ಯಾನುಗಳಲ್ಲಿ ನಲ್ಲಿ ನೀರು ತುಂಬಿಸಿ, ತಾನೇ ಗಾಡಿಯಲ್ಲಿ ಅವಳನ್ನು ಮನೆಗೆ ಬಿಟ್ಟು ಬಂದ.

ಮರುದಿನ ಪೈಪಿನ ಬಾಯಿಗೆ ಮರದ ಬಿರಡೆ ಜಡಿದ. ಮಧ್ಯಾಹ್ನದೊಳಗೆ ಡ್ರಮ್ಮುಗಳೆಲ್ಲ ತುಂಬಿ ಕೆಲಸ ನಿಂತಿತು.

“ಆರ್ಡರ್ ಕೊಟ್ಟವರು ಬಂದು ಬಾಗಿಲಲ್ಲಿ ಕೂತ್ರೆ ನಿಮ್ಮ ಅಕ್ಕನ್ನ ಕಳಿಸ್ತೀರಾ?” ಎಂದು ಹೆಂಡತಿ ರೇಗಿದಳು. ಆದರೆ ಹಿತ್ತಲಿನಲ್ಲಿ ಬಟ್ಟೆ ಒಣಗಿಸುವ ಜಾಗವನ್ನು ಬಣ್ಣದ ನೀರಿಗೆ ಗುಂಡಿ ತೋಡಲೆಂದು ಬಿಟ್ಟುಕೊಟ್ಟವಳೂ ಅವಳೇ. ಗುಂಡಿಗೆ ಸಿಮೆಂಟು ಬಳಿದು, ಜಾಲಿಸಿದ ನೀರು ನಿಲ್ಲಿಸಿ, ಸುಣ್ಣವನ್ನೂ ಪಟಿಕವನ್ನೂ ಕದಡಿದರೆ ಬಣ್ಣ ಅಡಿಗೆ ಕೂರುತ್ತದೆಂದು ಯಾರೋ ಹೇಳಿದ್ದರು. ಹದ ಸಿಗುವಷ್ಟರಲ್ಲಿ ಸಾಕುಬೇಕಾಯಿತು. ಒಮ್ಮೆ ನೀರು ಮಜ್ಜಿಗೆಯಂತಾಯಿತು, ಒಮ್ಮೆ ಬಣ್ಣ ಜಪ್ಪಯ್ಯ ಅನ್ನಲಿಲ್ಲ. ದೊಡ್ಡ ಗಿರಾಕಿಯೊಬ್ಬ ಕೈಬಿಟ್ಟ. ಕೊನೆಗೊಂದು ದಿನ ಮೇಲೆ ತಿಳಿನೀರು ನಿಂತಿತು. ಅದನ್ನೇ ಮತ್ತೆ ಬಟ್ಟೆಯನ್ನು ಮೊದಲ ಸಲ ಜಾಲಿಸಲು ಬಳಸಿದರು. ಅಡಿಯ ಕೆಸರನ್ನು ಒಣಗಿಸಿ ಚೀಲಕ್ಕೆ ತುಂಬಿ, ನದಿಯಿಂದ ದೂರ ಇಟ್ಟರು.

ನದಿ ಅಷ್ಟಕ್ಕೇ ಶುದ್ಧವಾಗಲಿಲ್ಲ. ಪಕ್ಕದ ಶೆಡ್ಡಿನವನು ಬಣ್ಣ ಬಿಟ್ಟ ದಿನ ನೀರು ಕೆಂಪಗೇ ಹರಿಯುತ್ತಿತ್ತು. ಬಾವಿ ನೀರನ್ನು ಪರೀಕ್ಷಿಸಿದವರು, ಇನ್ನೂ ಕುಡಿಯಬೇಡಿ, ಒಂದು ಮಳೆಗಾಲ ಕಳೆಯಲಿ ಎಂದರು. ಅಕ್ಕ ಗೊಣಗಲಿಲ್ಲ. “ನೀನು ಸುಳ್ಳು ಹೇಳಲಿಲ್ವಲ್ಲ, ಸಾಕು” ಎಂದಳು. ತಮ್ಮ ಗಾಡಿಯಿಂದ ನಲ್ಲಿ ನೀರಿನ ಕ್ಯಾನುಗಳನ್ನು ಇಳಿಸತೊಡಗಿದ.

ಅಲ್ಲಿಯವರೆಗೆ “ನದಿಗೆ ಸ್ನಾನ ಮಾಡಿಸ್ತಿದ್ದೀಯೇನಯ್ಯ?” ಎಂದು ಕಿಚಾಯಿಸುತ್ತಿದ್ದ ಪಕ್ಕದ ಶೆಡ್ಡಿನವನು ಒಂದು ಬೆಳಗ್ಗೆ ಬಂದು ಗುಂಡಿಯೊಳಗೆ ಬಗ್ಗಿ ನೋಡಿದ.

“ಎಷ್ಟು ಆಳ ತೆಗೆದ್ರಿ?” ಎಂದು ಕೇಳಿದ.

“ನಮ್ಮದು ಅಳೆದು ಏನ್ಮಾಡ್ತೀರಿ? ನಡೀರಿ, ನಿಮ್ಮ ಹಿತ್ತಲು ನೋಡೋಣ” ಎಂದು ತಮ್ಮನ ಹೆಂಡತಿ ಅವನ ಕೈಗೆ ಗುದ್ದಲಿ ಕೊಟ್ಟಳು.