ಎಲ್ಲರ ಕಡೆಯ ಲವೋನ್

ಕೈಯಲ್ಲಿ ಕತ್ತರಿ ಇರುವಾಗ ಗಿರಾಕಿಯೊಡನೆ ವಾದಕ್ಕಿಳಿಯಬಾರದು ಎಂಬುದು ಲವೋನಳ ಧರ್ಮ. ಅಯೋವಾದ ಆ ಪುಟ್ಟ ಊರಿನಲ್ಲಿ ಹೆಂಗಸರ ಕೂದಲಿಗೆ ಅವಳದೊಂದೇ ಅಂಗಡಿಯಿತ್ತು. ಈಚೆಗೆ ಹೆದ್ದಾರಿಯ ಬಳಿ ಇನ್ನೊಂದು ತೆರೆದು ಅವಳ ನಿದ್ದೆಗೆಡಿಸಿತ್ತು. ಯಾರೊಬ್ಬರು ಮುನಿಸಿಕೊಂಡರೂ ಅಲ್ಲಿಗೇ ಹೋಗುವುದು.

ದೇಶದ ಅಧ್ಯಕ್ಷರಾಗಲು ಹೊರಟ ಪುಣ್ಯಾತ್ಮರು, ಒಬ್ಬ ಸೆನೆಟರ್, ಒಬ್ಬ ಮೇಯರ್, ಒಬ್ಬ ಗವರ್ನರಮ್ಮ, ಒಂದು ವರ್ಷದಿಂದ ಊರಿಗೆ ಬಂದು ಕಾಫಿ ಕುಡಿದದ್ದೇ ಕುಡಿದದ್ದು. ಮುದುಕಿ ಆರ್ಡಿತ್ ಸೆನೆಟರ್ ಕಡೆ. ಅವಳ ಕೂದಲಿಗೆ ಸುರುಳಿ ಸುತ್ತುತ್ತ ಲವೋನ್, "ನನ್ ಓಟೂ ಅವರಿಗೇ ಕಣ್ರೀ" ಎಂದಳು. ಮರುದಿನ ಬಂದ ಜೋಲೀನ್ ಮೇಯರ್ ಕಡೆ. ಅವಳಿಗೂ ಅದೇ ಮಾತು. ನಿಜಕ್ಕೂ ಲವೋನಳ ಮನಸ್ಸಿದ್ದದ್ದು ಗವರ್ನರಮ್ಮನ ಮೇಲೆ. ಅದನ್ನು ಗಂಡನಿಗೂ ಹೇಳಿರಲಿಲ್ಲ. ಅವನೂ ತಲೆ ಕೊಡುತ್ತಿದ್ದದ್ದು ಅವಳ ಕತ್ತರಿಗೇ.

ಫೆಬ್ರವರಿಯಲ್ಲಿ ಕಾಕಸ್ ಬಂತು, ಪಕ್ಷದ ಅಭ್ಯರ್ಥಿಯನ್ನು ಊರವರೇ ಆರಿಸುವ ಸಭೆ. ಅಲ್ಲಿ ಚೀಟಿಯಿಲ್ಲ, ಪೆಟ್ಟಿಗೆಯಿಲ್ಲ. ಶಾಲೆಯ ಆಟದ ಒಳಾಂಗಣದಲ್ಲಿ ಊರವರ ಕಣ್ಣೆದುರೇ ಮೆಚ್ಚಿದವರ ಮೂಲೆಗೆ ಹೋಗಿ ನಿಲ್ಲಬೇಕು. ಲವೋನ್ ಜ್ವರ ಬಂದವಳಂತೆ ಹೊದ್ದು ಮಲಗಿದಳು. ಆರ್ಡಿತ್ ಕಾರು ತಂದು ಎಬ್ಬಿಸಿಕೊಂಡೇ ಹೋದಳು.

"ಲವೋನ್, ಬಾರೇ ಈ ಕಡೆ!" ಎಂದು ಸೆನೆಟರ್ ಮೂಲೆಯಿಂದ ಆರ್ಡಿತ್ ಕೂಗಿದಳು.

"ಅವ್ಳು ನಮ್ಮೋಳು ಕಣ್ರೀ, ಅವಳೇ ಹೇಳಿದಾಳೆ!" ಮೇಯರ್ ಮೂಲೆಯಿಂದ ಜೋಲೀನ್.

ಲವೋನ್ ಗವರ್ನರಮ್ಮನ ಮೂಲೆಯನ್ನೊಮ್ಮೆ ಆಸೆಯಿಂದ ನೋಡಿ, 'ಇನ್ನೂ ತೀರ್ಮಾನಿಸದವರು' ಎಂಬ ಫಲಕವಿದ್ದ ಖಾಲಿ ಮೂಲೆಗೆ ಹೋಗಿ ನಿಂತಳು.

ಸಭೆಗೆ ಸಭೆಯೇ ನಕ್ಕಿತು. ಆಗ ಪಾದ್ರಿಗಳು ಮೆಲ್ಲಗೆ ಬಂದು ಅವಳ ಪಕ್ಕ ನಿಂತರು. ಹಿಂದೆಯೇ ಹೋಟೆಲಿನ ವೆಲ್ಡಾ, ಹಲ್ಲಿನ ಡಾಕ್ಟರು, ಶವಪೆಟ್ಟಿಗೆ ಮಾರುವ ಓರಿನ್.

"ನೀವೂನಾ ಓರಿನ್?"

"ಎಲ್ರೂ ನಂಗೆ ಗಿರಾಕಿಗಳೇ ಅಲ್ವೇನಮ್ಮಾ!"

ಇಡೀ ಸಭೆಯಲ್ಲಿದ್ದವರು ಮೂವತ್ತೊಂದು ಜನ. ಒಂದು ಮೂಲೆಯಲ್ಲಿ ಐವರಿದ್ದರೆ ಮಾರ್ಚಿನ ಜಿಲ್ಲಾ ಸಭೆಗೆ ಒಬ್ಬ ಪ್ರತಿನಿಧಿಯನ್ನು ಕಳಿಸಬಹುದು. ಉಳಿದ ನಾಲ್ವರೂ ಲವೋನಳತ್ತ ಬೆರಳು ತೋರಿಸಿದರು. ಇವತ್ತಿಗೆ ಮುಗಿಯಿತು ಎಂದುಕೊಂಡಿದ್ದ ಪೀಡೆ ಇನ್ನೂ ಒಂದು ತಿಂಗಳು ಅವಳ ಬೆನ್ನಿಗೇ ಬಿತ್ತು.

ಮೂರನೆಯ ದಿನ ಅಂಗಡಿಗೆ ಫೋನ್ ಬಂತು. ಸ್ವತಃ ಗವರ್ನರಮ್ಮ! "ಜಿಲ್ಲಾ ಸಭೆಯಲ್ಲಿ ನಿಮ್ಮ ಬೆಂಬಲ ಬೇಕಿತ್ತು, ಲವೋನ್."

ಲವೋನ್ ಹಿಂದಿರುಗಿ ನೋಡಿದಳು. ಕೂದಲು ಒಣಗಿಸುವ ಯಂತ್ರ ಆರ್ಡಿತಳ ತಲೆಯ ಮೇಲೆ ಭೋರ್ಗರೆಯುತ್ತಿತ್ತು. "ನಂದು ನಿಮಗೇ ಕಣ್ರೀ" ಎಂದು ಪಿಸುಗುಟ್ಟಿದಳು.

"ಎಲ್ರಿಗೂ ಹಾಗೇ ಹೇಳ್ತೀರಂತಲ್ಲ" ಎಂದು ಗವರ್ನರಮ್ಮ ನಕ್ಕರು.

ಲವೋನಳಿಗೆ ನಾಚಿಕೆ, ಸಿಟ್ಟು, ಅಳು ಮೂರೂ ಒಟ್ಟಿಗೇ ಉಕ್ಕಿ ಬಂದವು. "ನಿಮ್ಮಾಣೆ, ಮೊದಲಿಂದ ನಂದು ನಿಮಗೇ!" ಎಂದು ಅರಚಿದಳು. ಯಂತ್ರ ಆಗಲೇ ನಿಂತುಹೋಗಿತ್ತು.

ಆರ್ಡಿತ್ ಅವಳನ್ನು ಕಣ್ಣು ಮಿಟುಕಿಸದೆ ನೋಡಿದಳು.

"ವರ್ಷಕ್ಕೊಂದಾದ್ರೂ ನಿಜ ಹೇಳಿದ್ಯಲ್ಲೇ" ಎಂದಳು. "ಫೋನಿಡು. ಸುರುಳಿ ಬಿಚ್ಚು, ಹೊತ್ತಾಯ್ತು."