ಕೊನೆಯ ಸುತ್ತಿನ ಗಂಟೆ

ಹಗ್ಗ ಒದ್ದೆಯಾಗಿದೆ, ಇಲ್ಲ, ಒದ್ದೆಯಾಗಿರುವುದು ನನ್ನ ಅಂಗೈ, ಬೆಳಿಗ್ಗೆಯಿಂದ ಟೊರ್ಟೆಲ್ಲೀನಿ ಕಡುಬು ಮಡಚಿದ ಬೆರಳುಗಳಲ್ಲಿ ಜಾಯಿಕಾಯಿಯ ವಾಸನೆ ಇನ್ನೂ ಇದೆ, ಗೋಪುರದ ಬಾಗಿಲಲ್ಲಿ ನಿಂತರೆ ಚೌಕದಾಚೆ ಬಾರಿನವರು ರೇಸಿಗೆಂದು ಹೊರಗಿಟ್ಟ ಟಿವಿ ಕಾಣುತ್ತದೆ, ಟಿವಿಗಿಂತ ಹೆಚ್ಚಾಗಿ ಊರಿನವರ ಬೆನ್ನುಗಳು, ಬೆನ್ನುಗಳ ಸಂದಿಯಲ್ಲಿ ಆಗಾಗ ಒಂದು ಕೆಂಪು ಚುಕ್ಕೆ — ನಮ್ಮ ಕಾರು, ಅದರೊಳಗೆ ಬ್ರಾಂಡೊಲೀನಿ, ಎಲ್ಲರಿಗಿಂತ ಮುಂದೆ, ಅವನ ಬೆನ್ನಿಗೇ ಆ ಇಂಗ್ಲಿಷಿನವನ ಹಸಿರು ಕಾರು. ಹಸಿರು ಗೆದ್ದರೆ ಹಗ್ಗವನ್ನು ಕೊಕ್ಕೆಗೆ ಸುತ್ತಿಟ್ಟು ಮನೆಗೆ ಹೋಗಬೇಕು, ಕೆಂಪು ಗೆದ್ದರೆ ಎಳೆಯಬೇಕು, ಅಷ್ಟೇ, ಆ ಕೆಂಪು ಕಾರು ತಯಾರಾಗುವ ಕಾರ್ಖಾನೆಯ ಗೋಡೆ ಊರಿಗೆ ಅಂಟಿಕೊಂಡಿರುವಾಗ ಚರ್ಚಿನ ಗಂಟೆ ಇನ್ಯಾರಿಗೆ ಮೊಳಗೀತು. ಪಾದ್ರಿಗಳು ಮೊನ್ನೆ ಹೇಳಿದರು, ನೊಎಮಿ, ಭಾನುವಾರ ಪಕ್ಕದೂರಲ್ಲಿ ಮಗು ನಾಮಕರಣ, ನಾನಿರಲ್ಲ, ಗೆದ್ರೆ ನೀನೇ ಎಳೆದ್ಬಿಡಮ್ಮ, ಆದ್ರೆ ಬಾವುಟ ಬೀಸಿದ್ಮೇಲೆ, ನಿಮ್ಮಪ್ಪನ ಥರ ಅಲ್ಲ. ಅವರೂ ಹೇಳಿದರು. ಈ ಊರಿನಲ್ಲಿ ಅದನ್ನು ಹೇಳದವರು ಯಾರಿದ್ದಾರೆ.

ಒಳಗೆ ಕರೀರೋ ಅವನನ್ನ, ಟೈರ್ ಸತ್ತೋಗಿದೆ, ಎಂದು ಬಾರಿನ ಮುಂದೆ ಗ್ವೆರಿನೊ ಕೂಗುತ್ತಾನೆ, ಪ್ರತಿ ರೇಸಿನಲ್ಲೂ ಅವನದು ಇದೇ ಕೂಗು, ಟೈರ್ ಸತ್ತಿಲ್ಲ, ದಣಿದಿದೆ ಅಷ್ಟೇ, ದಣಿದದ್ದು ಬೇರೆ ಸತ್ತದ್ದು ಬೇರೆ, ಈಗ ಪಿಟ್ಟಿಗೆ ಕರೆದರೆ ಹೊಸ ಟೈರು ಸಿಗುತ್ತದೆ, ಕಳೆದ ಸ್ಥಾನ ಸಿಗುವುದಿಲ್ಲ, ಇದನ್ನು ನಾನು ಯಾರಿಗೂ ಹೇಳುವುದಿಲ್ಲ, ಶಾಲೆ ಬಿಟ್ಟ ಹುಡುಗಿ, ಹಿಟ್ಟಿನಂಗಡಿಯಲ್ಲಿ ಲಟ್ಟಿಸುವವಳು, ಅಲ್ಲದೆ ಐದು ಜನ ಒಟ್ಟಿಗೆ ತಿರುಗಿ ನೋಡಿದರೆ ನಾನು ತಲೆ ಬಗ್ಗಿಸಿ ಬೇರೆ ಕೆಲಸ ಹಿಡಿಯುತ್ತೇನೆ. ಹೇಳುತ್ತಿದ್ದದ್ದು ಅಪ್ಪನಿಗೆ ಮಾತ್ರ. ಅಪ್ಪ ಹೇಳುತ್ತಿದ್ದ, ಟೈರ್ ಅಂದ್ರೆ ಹಾಲಿದ್ದಂಗೆ ಕಣೇ, ಕಾಯಿಸ್ಬೇಕು, ಉಕ್ಕಿಸ್ಬಾರ್ದು, ಇಂಗ್ಲಿಷಿನವರು ಬೆಳಿಗ್ಗೆ ಕಾಫಿ ಕುಡಿಯೋ ಹೊತ್ತಿಗೇ ಎಲ್ಲ ತೀರ್ಮಾನ ಮಾಡಿರ್ತಾರೆ, ನಮ್ಮವರು ಕೊನೇ ಗಳಿಗೇಲಿ ಅಮ್ಮಂದಿರನ್ನ ಕೇಳ್ಕೊಂಡ್ ಬರ್ತಾರೆ. ಆಗ ಎಂಜಿನ್‌ಗಳು ಹಾಡುತ್ತಿದ್ದವು, ಈಗ ನೆಗಡಿಯಾದವರಂತೆ ಗೊರಗುಡುತ್ತವೆ, ಆಗೆಲ್ಲ ಮಂಗಳವಾರ ಗೋಡೆಯಾಚೆ ಹೊಸ ಕಾರು ಓಡಿಸಿ ನೋಡುವಾಗ ಅಪ್ಪನ ಸೂಪಿನ ಚಮಚ ಗಾಳಿಯಲ್ಲೇ ನಿಲ್ಲುತ್ತಿತ್ತು, ಅಮ್ಮ ಇನ್ನೂ ಇದ್ದಳು, ಸೂಪ್ ಆರತ್ತೆ ಎನ್ನುವಳು, ಶ್ ಎನ್ನುವನು, ಮೂರನೇ ಗೇರ್‌ನಲ್ಲಿ ಏನೋ ತಡೀತಿದೆ, ನಿನಗೂ ಕೇಳ್ತಾ ಮಗಳೇ, ನನಗೆ ಏನೂ ಕೇಳದಿದ್ದರೂ ಹೂಂ ಎನ್ನುತ್ತಿದ್ದೆ, ಆಮೇಲೆ ನಿಜವಾಗಿಯೇ ಕೇಳತೊಡಗಿತು.

ಊರು ಇನ್ನೂ ಮರೆಯದ ಆ ಭಾನುವಾರ ಬಾರಿನ ಟಿವಿ ಒಳಗಿತ್ತು, ಚಿಕ್ಕವಳಾಗಿದ್ದ ನಾನು ಗಂಟೆ ಬಾರಿಸುವುದೇ ಕೆಲಸವಾಗಿದ್ದ ಅಪ್ಪನ ಜೊತೆ ಇಲ್ಲೇ, ಈ ಕಲ್ಲಿನ ಮೇಲೆ, ಅವನ ಕಿವಿಯಲ್ಲಿ ರೇಡಿಯೋ, ಕೆಂಪು ಕಾರು ಎಷ್ಟು ಮುಂದಿತ್ತೆಂದರೆ ಹಿಂದಿನವರು ಕಾಣುತ್ತಲೇ ಇರಲಿಲ್ಲವಂತೆ, ಇನ್ನೊಂದೇ ಸುತ್ತು, ಇನ್ನು ಯಾರು ತಪ್ಪಿಸ್ತಾರೆ ಎಂದು ಅಪ್ಪ ಎಳೆದೇಬಿಟ್ಟ, ಹಗ್ಗ ಮೇಲಕ್ಕೆ ಹೋಗುವಾಗ ನನ್ನನ್ನೂ ಅದಕ್ಕೆ ನೇತುಹಾಕಿದ, ಕಾಲು ನೆಲ ಬಿಟ್ಟಿತು, ಮೇಲೆ ಕಂಚು ಗರ್ಜಿಸುತ್ತಿದೆ, ಕೆಳಗೆ ಅಪ್ಪ ಬಾಯಿ ತೆರೆದು ನಗುತ್ತಿದ್ದಾನೆ, ಆ ನಗುವನ್ನು ಅದರ ಹಿಂದೆ ನೋಡಿರಲಿಲ್ಲ, ಮುಂದೆಯೂ ನೋಡಲಿಲ್ಲ — ಕೊನೆಯ ತಿರುವಿನ ಹತ್ತಿರ ಎಂಜಿನ್ ಹೊಗೆಯುಗುಳಿ ಕಾರು ಹುಲ್ಲಿನ ಮೇಲೆ ನಿಂತುಬಿಟ್ಟಿತ್ತು. ಊರು ಕಾರ್ಖಾನೆಯನ್ನು ಬೈಯಲಿಲ್ಲ, ಎಂಜಿನ್ನನ್ನು ಬೈಯಲಿಲ್ಲ, ಗಂಟೆಯನ್ನು ಬೈಯಿತು, ಅಪ್ಪ ಎದುರು ಸಿಕ್ಕಾಗಲೆಲ್ಲ ಕೆಣಕಿತು. ಎರ್ಮೆಸ್, ಊಟ ಆಯ್ತಾ, ಇಲ್ಲಾ ಒಲೆ ಹಚ್ಚೋಕ್ ಮುಂಚೆನೇ ಕೈ ತೊಳ್ಕೊಂಡ್ಯಾ? ಎರ್ಮೆಸ್‌ಗೆ ಹೇಳ್ಬೇಡ್ರಪ್ಪ, ಮಗು ಹುಟ್ಟೋಕ್ ಮುಂಚೆನೇ ಬಾರಿಸಿಬಿಡ್ತಾನೆ. ಅಪ್ಪನೂ ನಗುತ್ತಿದ್ದ, ಬಾಯಿ ಮುಚ್ಚಿಕೊಂಡು. ಪೂಜೆಗೆ ಬಾರಿಸಿದ, ಸಾವಿಗೆ ಬಾರಿಸಿದ, ರೇಸಿಗೆ ಮತ್ತೆ ಹಗ್ಗ ಮುಟ್ಟಲಿಲ್ಲ, ಮನೆಯ ಟಿವಿಯನ್ನು ಗ್ವೆರಿನೊನಿಗೇ ಮಾರಿದ. ಊರಿಗೆ ಅದು ತಪ್ಪು, ನನಗೆ ಅದು ಕಾಲು ನೆಲ ಬಿಟ್ಟ ದಿನ, ಇದನ್ನೂ ಯಾರಿಗೂ ಹೇಳಿಲ್ಲ. ಈ ವಸಂತದಲ್ಲಿ ಲಕ್ವ ಹೊಡೆದು ಅಪ್ಪನ ಬಲಗಡೆ ಬಿದ್ದುಹೋಯಿತು, ಮಾತೂ ಹೋಯಿತು, ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದ, ಇವತ್ತು ಮಧ್ಯಾಹ್ನ ಎಡಗೈಯಿಂದ ಗಾಲಿಕುರ್ಚಿ ತೋರಿಸಿದ, ಕಿಟಕಿ ತೋರಿಸಿದ, ತಳ್ಳಿಕೊಂಡು ಹೋಗಿ ಕೂರಿಸಿ ಬಂದೆ, ಔಷಧಿ ಅಂಗಡಿಯ ಮೇಲೆ ಇಲ್ಲಿಂದ ಕಾಣುವ ನಮ್ಮ ಮನೆಯ ಆ ಕಿಟಕಿ, ಕಟ್ಟೆಯ ಮೇಲೆ ಅವನ ಎಡಗೈ.

ಈಗ ಟಿವಿಯಲ್ಲಿ ಕೊನೆಯ ಸುತ್ತು, ಹಸಿರು ಕಾರು ತೀರಾ ಹತ್ತಿರ, ಬ್ರಾಂಡೊಲೀನಿ ಯಾವಾಗಲೂ ಬ್ರೇಕನ್ನು ತಡವಾಗಿ ಒತ್ತುವವನು, ಧೈರ್ಯ ಅನ್ನುತ್ತಾರೆ, ನನಗದು ಅವಸರ — ನೋಡು, ತಿರುವು ತಪ್ಪಿದ, ನಾಲ್ಕೂ ಚಕ್ರ ಬಿಳಿ ಗೆರೆಯಾಚೆ, ಅಡ್ಡದಾರಿಯಲ್ಲಿ ನುಗ್ಗಿ ಮತ್ತೆ ಮುಂದೆಯೇ ಬಂದ, ಜಾಗ ಬಿಟ್ಟುಕೊಡು ಮಾರಾಯಾ, ಬಿಟ್ಟುಕೊಡಲಿಲ್ಲ, ಬಾವುಟ, ಬಾವುಟ ಬೀಸಿತು, ಬೆನ್ನುಗಳೆಲ್ಲ ಎದ್ದು ಕುಣಿಯುತ್ತಿವೆ, ಕುರ್ಚಿಗಳು ಉರುಳುತ್ತಿವೆ, ಆಮೇಲೆ ಪರದೆಯ ಕೆಳಗೆ ಆ ಸಾಲು, ತೀರ್ಪುಗಾರರು ಪರಿಶೀಲಿಸುತ್ತಿದ್ದಾರೆ. ಐದು ಸೆಕೆಂಡ್ ದಂಡ ಹಾಕುತ್ತಾರೆ, ಹಾಕಲೇಬೇಕು, ನಾನಿದ್ದರೂ ಹಾಕುತ್ತಿದ್ದೆ, ಅವನ ಲೆಕ್ಕಕ್ಕೆ ಐದು ಸೇರಿದರೆ ಗೆಲುವು ಹಸಿರಿಗೆ. ಬಾರಿಸೇ ಹುಡುಗಿ, ಆ ತೀರ್ಪುಗಾರರು ಊಟ ಮುಗಿಸ್ಕೊಂಡ್ ಹೇಳ್ತಾರೆ, ಇದು ಗ್ವೆರಿನೊ, ತಡೀ ತಡೀ, ಎರ್ಮೆಸನ ಮಗಳು ಕಣ್ರೋ, ರಕ್ತದಲ್ಲೇ ಇದೆ, ಇದು ಇನ್ನ್ಯಾರೋ, ನಗು, ಎಲ್ಲರೂ ನನ್ನತ್ತ ತಿರುಗಿದ್ದಾರೆ, ಎಷ್ಟೊಂದು ಮುಖ, ನಾನು ಅವುಗಳ ಮೇಲಿಂದ ನೋಡುತ್ತೇನೆ, ಕಿಟಕಿಯತ್ತ, ಅಪ್ಪನ ಎಡಗೈ ಕಟ್ಟೆಯ ಮೇಲಿಲ್ಲ, ಗಾಳಿಯಲ್ಲಿದೆ, ಮುಷ್ಟಿ ಕಟ್ಟಿದೆ, ಹಗ್ಗ ಎಳೆಯುವಂತೆ ಕೆಳಗೆ ಬರುತ್ತದೆ, ಮೇಲೆ ಹೋಗುತ್ತದೆ, ಅವನಿಗೆ ಪರದೆ ಕಾಣದು, ಕೂಗು ಮಾತ್ರ ಕೇಳಿದೆ, ಗೆದ್ದೆವು ಅಂದುಕೊಂಡಿದ್ದಾನೆ. ಕಾದರೆ ನಾನು ಸರಿ, ಕಾದರೆ ಗಂಟೆಯೇ ಇಲ್ಲ, ಆ ಕೈ ಸೋತು ಕಟ್ಟೆಗೆ ಬೀಳುತ್ತದೆ, ಅವನು ಮತ್ತೆ ಗೋಡೆಗೆ ತಿರುಗುತ್ತಾನೆ. ಎಳೆದರೆ ನಾಳೆ ಹಿಟ್ಟಿನಂಗಡಿಗೆ ಬಂದು ಕೇಳುತ್ತಾರೆ, ಊಟ ಆಯ್ತಾ ನೊಎಮಿ, ಎರ್ಮೆಸನನ್ನು ಬಿಟ್ಟು ನನ್ನನ್ನು ಕೇಳುತ್ತಾರೆ, ಕೇಳಲಿ, ಆಯ್ತು ಅನ್ನುತ್ತೇನೆ, ಗಟ್ಟಿಯಾಗಿಯೇ ಅನ್ನುತ್ತೇನೆ — ಪೂರ್ತಿ ಮೈಭಾರ ಹಾಕಿ ಎಳೆದೆ, ಮೊದಲು ಏನೂ ಇಲ್ಲ, ಆಮೇಲೆ ಕಂಚು, ಚೌಕದ ತುಂಬ ಕಂಚು, ಯಾರೋ ಬೈಯುತ್ತಿದ್ದಾರೆ, ಯಾರೋ ಚಪ್ಪಾಳೆ ತಟ್ಟುತ್ತಿದ್ದಾರೆ, ಪರದೆಯಲ್ಲಿ ಏನು ಬಂತೋ ನೋಡುವುದಿಲ್ಲ, ಕಿಟಕಿಯಲ್ಲಿ ಆ ಕೈ, ಕೆಳಗೆ ಬರುತ್ತಿದ್ದದ್ದು ಅರ್ಧದಲ್ಲೇ ನಿಂತಿದೆ, ಮುಷ್ಟಿ ಬಿಚ್ಚಿದೆ, ಬೆರಳು ಬೆರಳಾಗಿ ಬಿಚ್ಚಿದೆ, ಆ ಕೈ, ಆ ಭಾನುವಾರದ ನಗುವಿನಂತೆ ಅಪ್ಪನ ತೆರೆದ ಕೈ