ಹೆಸರು ರಿಜಿಸ್ಟರ್ ಆಗಿದೆ

ನನ್ನ ಅತ್ತೆಗೆ ಅಜ್ಜಿ ಇಟ್ಟ ಹೆಸರು ಬೇರೆ. ಆದರೆ ಅಪ್ಪ ತೊದಲು ಮಾತಿನ ವಯಸ್ಸಿನಲ್ಲೇ ತನ್ನ ಅಕ್ಕನನ್ನು ‘ಗುಂಡಕ್ಕ’ ಎಂದುಬಿಟ್ಟ, ಬೀದಿಯವರೆಲ್ಲ ಅದನ್ನೇ ಹಿಡಿದುಕೊಂಡರು. ಅತ್ತೆ ಹಿತ್ತಲ ಶೆಡ್ಡಿನಲ್ಲಿ ಬಟ್ಟೆ ಸೋಪು ಕಾಯಿಸಲು ಶುರು ಮಾಡಿದಾಗ ಸೋಪಿಗೂ ಅದೇ ಹೆಸರಾಯಿತು. ಲೇಬಲ್ಲಿನ ಮೇಲೆ ಕಪ್ಪು ಗೆರೆಯಲ್ಲಿ ಅತ್ತೆಯ ದುಂಡು ಮುಖ, ಕೆಳಗೆ ಕಪ್ಪು ಪಟ್ಟಿಯೊಳಗೆ ಕೆಂಪು ಅಕ್ಷರ: ಗುಂಡಕ್ಕ ಸೋಪು.

“ನನ್ನ ಮೂಗು ಇಷ್ಟು ದಪ್ಪ ಇದೆಯೇನೋ?” ಎಂದು ಅತ್ತೆ ಆಗ ಕೇಳಿದ್ದಳು.

“ಇನ್ನೂ ದಪ್ಪ ಇದೆ. ಪ್ರೆಸ್ಸಿನವನು ಮರ್ಯಾದೆ ಉಳಿಸಿದಾನೆ,” ಎಂದಿದ್ದ ಅಪ್ಪ.

ಹನ್ನೊಂದು ವರ್ಷ ಆ ಸೋಪೇ ನಮ್ಮನ್ನು ಸಾಕಿತು. ಹೋದ ತಿಂಗಳು ವಕೀಲರ ನೋಟಿಸು ಬಂತು. ಕಳಿಸಿದವನು ನಮ್ಮ ಸೋಪನ್ನು ಊರೂರಿನ ಅಂಗಡಿಗಳಿಗೆ ಹಾಕುತ್ತಿದ್ದ ಏಜೆಂಟ್. ನಮ್ಮನೆ ಜಗಲಿಯಲ್ಲಿ ಕೂತು ಅತ್ತೆಯ ಕೈಯ ಊಟ ಉಂಡವನು. ‘ಗುಂಡಕ್ಕ’ ಎಂಬ ಹೆಸರನ್ನೂ ಮುಖವನ್ನೂ ಅವನು ತನ್ನ ಹೆಸರಿಗೆ ರಿಜಿಸ್ಟರ್ ಮಾಡಿಸಿಕೊಂಡಿದ್ದಾನಂತೆ. ಸ್ವಂತ ಫ್ಯಾಕ್ಟರಿ ಬೇರೆ ಹಾಕಿದ್ದಾನೆ. ಇನ್ನು ಹದಿನೈದು ದಿನದಲ್ಲಿ ನಾವು ಆ ಹೆಸರು ಬಿಡಬೇಕಂತೆ.

ಅಪ್ಪ ಹೆದರಲಿಲ್ಲ, ನಕ್ಕ. “ನಮ್ದು ಯಾವತ್ತೋ ರಿಜಿಸ್ಟರ್ ಆಗಿದೆ. ನಡಿ, ತೋರಿಸೋಣ.”

ವಕೀಲರ ಕೋಣೆಯಲ್ಲಿ ಇದ್ದದ್ದು ಒಂದೇ ಫ್ಯಾನು, ಅದೂ ಅವರ ಕಡೆಗೇ ತಿರುಗಿತ್ತು. ಕನ್ನಡಕದ ಆ ಹೆಂಗಸು ನಮ್ಮ ಲೇಬಲ್ಲನ್ನು ಕೈಗೆತ್ತಿಕೊಂಡು, ಮೂಲೆಯಲ್ಲಿದ್ದ ಪುಟ್ಟ ವೃತ್ತದೊಳಗಿನ ‘ಆರ್’ ಅಕ್ಷರದ ಮೇಲೆ ಬೆರಳಿಟ್ಟರು. “ಸರ್ಟಿಫಿಕೇಟ್ ಎಲ್ಲಿ?”

“ಪ್ರೆಸ್ಸಿನವನ ಹತ್ರ ಇರುತ್ತೆ ಮೇಡಂ. ಅವನೇ ಮಾಡಿಸಿದ್ದು,” ಎಂದ ಅಪ್ಪ.

ನಾನು ಅಲ್ಲಿಂದಲೇ ಪ್ರೆಸ್ಸಿನವನಿಗೆ ಫೋನ್ ಮಾಡಿ, ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟೆ.

“ಅಣ್ಣಾ, ಯಾವ ಸರ್ಟಿಫಿಕೇಟು?” ಎಂದ ಅವನು.

“ನೀನೇ ಹೇಳಿದ್ಯಲ್ಲಪ್ಪ! ಹೆಸರು ರಿಜಿಸ್ಟರ್ ಆಗ್ಬೇಕು ಅಂದೆ. ಆಮೇಲೆ ನೀನೇ ಭೂತಗನ್ನಡಿ ಹಿಡಿದು ನೋಡಿ, ಪಕ್ಕಾ ರಿಜಿಸ್ಟರ್ ಆಗಿದೆ, ಕೂದಲೆಳೆಯಷ್ಟೂ ಆಚೀಚೆ ಇಲ್ಲ ಅಂದೆ,” ಎಂದ ಅಪ್ಪ.

“ಅಯ್ಯೋ ಅಣ್ಣಾ... ಅದು ಬಣ್ಣದ ರಿಜಿಸ್ಟರು. ಕಪ್ಪು ಪಟ್ಟಿಯೊಳಗೆ ಕೆಂಪು ಸರಿಯಾಗಿ ಕೂತರೆ ನಾವು ಹಂಗೇ ಅನ್ನೋದು.”

“ಮತ್ತೆ ಈ ಆರ್?”

“ಮೂಲೆ ಖಾಲಿ ಕಾಣ್ತಿತ್ತಲ್ಲ ಅಂತ ಹಾಕಿದೆ. ದೊಡ್ಡ ಕಂಪನಿಯವರೂ ಹಾಕ್ತಾರಲ್ಲ.”

ಬೇರೆ ದಿನವಾಗಿದ್ದರೆ ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಅಪ್ಪ ಲೇಬಲ್ಲನ್ನೇ ನೋಡುತ್ತಿದ್ದ. ಕೆಂಪು ನಿಜಕ್ಕೂ ಎಷ್ಟು ಚೆನ್ನಾಗಿ ಕೂತಿತ್ತು!

“ರಿಜಿಸ್ಟರ್ ಆಗದೇ ಈ ಗುರುತು ಹಾಕೋದೇ ತಪ್ಪು. ಇದನ್ನ ಇನ್ನು ಎಲ್ಲೂ ತೋರಿಸಬೇಡಿ,” ಎಂದರು ವಕೀಲರು. “ಹೋರಾಡಬಹುದು. ಮೊದಲಿಂದ ಈ ಹೆಸರಲ್ಲಿ ಮಾರಿದ್ದು ನೀವೇ ಅಂತ ದಾಖಲೆ ಬೇಕು. ಬಿಲ್ಲು, ಹಳೇ ಜಾಹೀರಾತು, ತಾರೀಕಿರೋದು ಏನಾದರೂ ಇದೆಯಾ?”

ಅಂಗಡಿಗಳಿಗೆ ಬಿಲ್ಲು ಬರೆಯುತ್ತಿದ್ದವನು ಏಜೆಂಟ್. ಪ್ರೆಸ್ಸಿನವನ ಚೀಟಿಗಳನ್ನು ಅಪ್ಪ ಎಂದೂ ಇಟ್ಟುಕೊಂಡವನಲ್ಲ. ಇನ್ನು ಲೇಬಲ್ಲು? ಸೋಪಿಗೆ ಅಂಟಿಸಿದ ಕಾಗದ ಮೊದಲ ಒಗೆತಕ್ಕೇ ನೆನೆದು ಹೋಗುತ್ತದೆ. ಹನ್ನೊಂದು ವರ್ಷದ ನಮ್ಮ ಸಾಕ್ಷಿಯೆಲ್ಲ ಊರವರ ಬಚ್ಚಲಲ್ಲಿ ಹರಿದುಹೋಗಿತ್ತು.

“ಕೇಸು ಹಾಕಿ. ಆದರೆ ವರ್ಷಗಟ್ಟಲೆ ಆಗುತ್ತೆ, ಗೆಲ್ತೀರಿ ಅಂತ ಹೇಳಲಾರೆ,” ಎಂದರು ಅವರು. ಮೆಟ್ಟಿಲಿಳಿಯುವಾಗ ನನಗೆ ಅಪ್ಪನ ಮೇಲೆ ಸಿಟ್ಟು ಬರಬೇಕಿತ್ತು. ಅಳು ಬಂತು.

ಮರುದಿನ ಅತ್ತೆ ಸೋಪು ಎರೆಯುವ ಅಚ್ಚುಗಳನ್ನು ತೊಡೆಯ ಮೇಲಿಟ್ಟುಕೊಂಡು, ಉಳಿಯಿಂದ ಹೆಸರನ್ನು ಕೆತ್ತಿ ತೆಗೆದಳು. ಬೋಳು ಸೋಪು ಅಂಗಡಿಗೆ ಹೋಯಿತು, ಹಾಗೇ ವಾಪಸು ಬಂತು. “ಜನ ಗುಂಡಕ್ಕ ಕೇಳ್ತಾರೆ,” ಎಂದರಂತೆ ಅಂಗಡಿಯವರು. ಅಪ್ಪ ಅಂದಿನಿಂದ ಅಕ್ಕನನ್ನು ಬರೀ “ಅಕ್ಕಾ” ಎಂದು ಕರೆಯತೊಡಗಿದ. ಒಮ್ಮೆ “ಗುಂ...” ಎಂದು ಬಾಯಿ ಮುಚ್ಚಿಕೊಂಡ.

“ಯಾಕೋ, ನನ್ನನ್ನೂ ಅವನಿಗೆ ಬರೆದುಕೊಟ್ಟುಬಿಟ್ಯಾ?” ಎಂದಳು ಅತ್ತೆ. ತಮಾಷೆಗೇ ಅಂದದ್ದು, ಆದರೆ ಅಪ್ಪ ಎದ್ದು ಹೊರಗೆ ಹೋದ.

ನಿನ್ನೆ ಪಕ್ಕದ ಬೀದಿಯಿಂದ ಒಬ್ಬಳು ಹೆಂಗಸು ಬಂದಳು. ಅಂಗೈ ಕೆಂಪಗೆ ಸುಲಿದಿತ್ತು. ಕೈಯಲ್ಲಿ ಹೊಸ ಸೋಪು, ಅದರ ಮೇಲೆ ಅತ್ತೆಯ ಮುಖ. ಮೂಗೂ ಅಷ್ಟೇ ದಪ್ಪ.

“ಗುಂಡಕ್ಕ, ಇದೇನು ಹಿಂಗೆ ಮಾಡಿದ್ದೀರಿ? ನಿಮ್ಮನ್ನ ನಂಬಿ ಅಲ್ವಾ ತಗೊಂಡಿದ್ದು?”

ಅತ್ತೆ ಸೋಪನ್ನು ಮೂಸಿದಳು. ನಾಲ್ಕು ವಾರ ಒಣಗಿಸಬೇಕಾದದ್ದು ನಾಲ್ಕು ದಿನವೂ ಒಣಗಿರಲಿಲ್ಲ, ಚರ್ಮ ಸುಡುವ ಕಾಸ್ಟಿಕ್ಕು ಇನ್ನೂ ಹಸಿಯಾಗಿತ್ತು. ಇದು ನಮ್ಮದಲ್ಲ ಎಂದು ನಾನು ಹೇಳಲು ಹೊರಟೆ. ಅತ್ತೆ ತಡೆದಳು. ಮುಖ ತನ್ನದಾಗಿರುವಾಗ ಅಲ್ಲ ಎಂದರೆ ಯಾರು ನಂಬುತ್ತಾರೆ?

ಎಣ್ಣೆಯ ಬಟ್ಟಲು ತಂದು ಆಕೆಯ ಅಂಗೈಗೆ ಹಚ್ಚುತ್ತ, “ತಪ್ಪಾಯ್ತಮ್ಮಾ,” ಎಂದಳು. “ಮುಂದಿನ ಸಲ ಸರಿಯಾಗಿ ಮಾಡ್ತೀನಿ.”